ದಂಡ ಕಟ್ಟಿದ ಮೇಲೆ ಮುಂದೇನು? ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಕುಡಿದು ವಾಹನ ಓಡಿಸಿ ಶಿಕ್ಷೆಗೊಳಗಾದವರ ಡಿಎಲ್ ಅಮಾನತು, ಅದನ್ನು ಮರಳಿ ಕೊಡುವ ಕ್ರಮ ಮತ್ತು ವಿಮೆಯ ಕುರಿತು.

ಮಾನ್ಯರೇ,

ಹೆದ್ದಾರಿ ಬದಿಯ ಒಂದು ಜಿಲ್ಲಾ ಕೇಂದ್ರದಲ್ಲಿ, ನ್ಯಾಯಾಲಯದ ಕಾಂಪೌಂಡಿನ ಹೊರಗೆ ಕುಳಿತು ಅರ್ಜಿ ಬರೆದುಕೊಡುವುದು ನನ್ನ ಕಸುಬು. ನನ್ನ ಮೇಜಿನ ಮುಂದೆ ಎರಡು ಬಗೆಯ ಜನ ಬಂದು ಕೂರುತ್ತಾರೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು, ದಂಡ ಕಟ್ಟಿ, ಡಿಎಲ್ ವಾಪಸ್ ಪಡೆಯಲು ಅಲೆಯುವ ಚಾಲಕರು ಒಂದು ಕಡೆ. ಅಂಥದೇ ಚಾಲಕನ ಗಾಡಿಗೆ ಸಿಕ್ಕಿ ಮನೆಯ ಆಧಾರವನ್ನೇ ಕಳೆದುಕೊಂಡು, ಪರಿಹಾರ ಕೇಳಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಬರುವ ಕುಟುಂಬಗಳು ಇನ್ನೊಂದು ಕಡೆ. ಇಬ್ಬರ ಕಾಗದಗಳನ್ನೂ ಬರೆಯುತ್ತಾ ಬಂದ ನನಗೆ ಒಂದು ವಿಷಯ ಖಚಿತವಾಗಿದೆ. ನಮ್ಮಲ್ಲಿ ಶಿಕ್ಷೆಯೇನೋ ಇದೆ. ಆದರೆ ಶಿಕ್ಷೆ ಅನುಭವಿಸಿದವನು ಕಾನೂನಿನ ಪ್ರಕಾರವೇ ಮತ್ತೆ ಸ್ಟೇರಿಂಗ್ ಹಿಡಿಯಲು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು ಎಂದು ಅವನಿಗೆ ಯಾರೂ ತಿಳಿಸುವುದಿಲ್ಲ. ದಾರಿ ಕಾಣದವನು ಡಿಎಲ್ ಇಲ್ಲದೆಯೇ ಗಾಡಿ ಹತ್ತುತ್ತಾನೆ. ಅದರ ಬೆಲೆ ತೆರುವವರು ರಸ್ತೆಯ ಅಂಚಿನಲ್ಲಿ ತಮ್ಮ ಪಾಡಿಗೆ ನಡೆದುಹೋಗುವ ಜನ.

ಕುಡಿದು ಓಡಿಸಿದವನಿಗೆ ಕರುಣೆ ತೋರಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಬಹಳ ಸ್ಪಷ್ಟವಾಗಿದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ರಂದು ತಿದ್ದುಪಡಿ ಜಾರಿಗೆ ಬಂದ ಬೆನ್ನಲ್ಲೇ ರಾಜ್ಯ ಸರ್ಕಾರ ಬೇರೆ ಹಲವು ದಂಡಗಳನ್ನು ಇಳಿಸಿತು, ಇದನ್ನು ಇಳಿಸಲಿಲ್ಲ. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಕೈತೊಳೆದುಕೊಳ್ಳುವ ಅಪರಾಧಗಳ ಪಟ್ಟಿಯಲ್ಲಿ ಇದು ಇಲ್ಲ, ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ಇದೆಲ್ಲ ಸರಿಯಾಗಿಯೇ ಇದೆ. ಇದರಲ್ಲಿ ಒಂದು ರೂಪಾಯಿಯನ್ನೂ ಒಂದು ದಿನವನ್ನೂ ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ. ನನ್ನ ದೂರು ಇರುವುದು ಆಮೇಲಿನ ಹಂತಗಳ ಬಗ್ಗೆ.

ಮೊದಲ ತೊಡಕು ಡಿಎಲ್ ಕಿತ್ತುಕೊಂಡ ರಾತ್ರಿಯೇ ಶುರುವಾಗುತ್ತದೆ. ಸೆಕ್ಷನ್ 206(4)ರ ಪ್ರಕಾರ ಪೊಲೀಸರು ಡಿಎಲ್ ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬೇಕು, ಚಾಲಕನಿಗೆ ಒಂದು ಸ್ವೀಕೃತಿ ಚೀಟಿ ಕೊಡಬೇಕು. ಆ ಚೀಟಿ ಹಿಡಿದು ಗಾಡಿ ಓಡಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಚಾಲಕರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. "ಚೀಟಿ ಕೊಟ್ಟವ್ರಲ್ಲ ಸಾರ್, ಡಿಎಲ್ ಬರೋವರ್ಗೂ ಇದ್ರಲ್ಲೇ ನಡಿಯುತ್ತೆ" ಎಂದು ನನ್ನ ಮುಂದೆ ಕೂತು ಹೇಳಿದವರು ಅನೇಕರು. ಡಿಎಲ್ ಆರ್‌ಟಿಒ ಕೈಸೇರಿದ ಮೇಲೆ ಸೆಕ್ಷನ್ 19ರಂತೆ ಅಧಿಕಾರಿಗಳು ಚಾಲಕನ ಅಹವಾಲು ಕೇಳಬೇಕು. ನಂತರ ಮೊದಲ ಅಪರಾಧವಾದರೆ 3 ತಿಂಗಳು ಅಮಾನತು, ಎರಡನೆಯದಾದರೆ ರದ್ದು. ಆದರೆ ಆ ಅಹವಾಲು ಇಷ್ಟು ದಿನದೊಳಗೆ ನಡೆಯಬೇಕು ಎಂಬ ಗಡುವು ಇಲ್ಲ. ಠಾಣೆಯಲ್ಲಿ ಕೇಳಿದರೆ ಆರ್‌ಟಿಒಗೆ ಕಳಿಸಿದ್ದೇವೆ ಎನ್ನುತ್ತಾರೆ, ಆರ್‌ಟಿಒದಲ್ಲಿ ಕೇಳಿದರೆ ಇನ್ನೂ ಬಂದಿಲ್ಲ ಎನ್ನುತ್ತಾರೆ. ಆದೇಶವೇ ಆಗದೆ ಕಳೆದ ಈ ದಿನಗಳು 3 ತಿಂಗಳ ಲೆಕ್ಕಕ್ಕೆ ಸೇರುತ್ತವೆಯೇ? ನಾನು ಈ ಪ್ರಶ್ನೆ ಬರೆದು ಹಾಕಿದ ಅರ್ಜಿಗಳಿಗೆ ನೇರ ಉತ್ತರ ಬಂದದ್ದಿಲ್ಲ.

ಎರಡನೆಯ ತೊಡಕು ಅವಧಿಯದು. ಆರ್‌ಟಿಒ ಮೊದಲ ಅಪರಾಧಕ್ಕೆ 3 ತಿಂಗಳು ಅಮಾನತು ಮಾಡುತ್ತದೆ. ಅದೇ ಪ್ರಕರಣದಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿದರೆ, ಸೆಕ್ಷನ್ 20ರಂತೆ ಕನಿಷ್ಠ 6 ತಿಂಗಳು ಅನರ್ಹಗೊಳಿಸಬೇಕು. ಇವೆರಡೂ ಒಟ್ಟಿಗೆ ಸಾಗುತ್ತವೆಯೋ, ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆಯೋ? ಕೋರ್ಟಿನ ಕಾಗದ ಒಂದು ಕಡೆ, ಆರ್‌ಟಿಒ ಕಾಗದ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ನೋಡಿ "ನೀನು ಇಂಥ ತಾರೀಖಿನವರೆಗೆ ಓಡಿಸುವಂತಿಲ್ಲ, ಅದರ ಮರುದಿನದಿಂದ ಓಡಿಸಬಹುದು" ಎಂದು ಬರೆದುಕೊಡುವ ಒಂದೇ ಒಂದು ಮೇಜು ವ್ಯವಸ್ಥೆಯಲ್ಲಿ ಇಲ್ಲ. ಸಣ್ಣ ಗೂಡ್ಸ್ ಗಾಡಿ ಓಡಿಸುವವನೊಬ್ಬನ ಹೆಂಡತಿ ನನ್ನಲ್ಲಿ ಬಂದಾಗ ಹೇಳಿದ ಮಾತು ಇದು: "ಅಣ್ಣಾ, ಇವ್ರು ಕುಡಿಯೋದು ಬಿಡ್ಲಿ ಅಂತ ನಾನೂ ಹರಕೆ ಹೊತ್ತಿದೀನಿ. ಶಿಕ್ಷೆ ಆಗಿದ್ದು ಒಳ್ಳೇದೇ ಆಯ್ತು. ಆದ್ರೆ ಡಿಎಲ್ ಯಾವತ್ತು ಬರುತ್ತೆ ಅಂತ ಯಾರಾದ್ರೂ ಒಂದು ತಾರೀಖು ಹೇಳ್ಬಾರ್ದಾ? ಗಾಡಿ ಕಂತು ಪ್ರತಿ ತಿಂಗ್ಳು ತಾರೀಖಿಗೆ ಸರಿಯಾಗಿ ಬರುತ್ತೆ." ಈ ತಾಯಿ ರಿಯಾಯಿತಿ ಕೇಳಲಿಲ್ಲ. ಒಂದು ತಾರೀಖು ಕೇಳಿದಳು.

ಮೂರನೆಯದು ಪುನಶ್ಚೇತನ ತರಬೇತಿ. 2019ರ ತಿದ್ದುಪಡಿ ಒಂದು ಒಳ್ಳೆಯ ಷರತ್ತು ಹಾಕಿದೆ. ಅಮಾನತಿನ ಅವಧಿ ಮುಗಿದರೆ ಸಾಲದು, ಚಾಲಕ ಪುನಶ್ಚೇತನ ತರಬೇತಿ ಪೂರೈಸಿದ ಮೇಲೆಯೇ ಡಿಎಲ್ ಮರಳಿಸಬೇಕು. ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ಜಿಲ್ಲೆಯ ಚಾಲಕ ಈ ತರಬೇತಿಯನ್ನು ಎಲ್ಲಿ ಪಡೆಯಬೇಕು? ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈ 1ರಿಂದಲೇ ಜಾರಿಯಲ್ಲಿವೆ. ಆದರೂ ನಮ್ಮೂರಿನಲ್ಲಿ ಇರುವುದು ಕಾರು ಕಲಿಸುವ ಖಾಸಗಿ ಡ್ರೈವಿಂಗ್ ಸ್ಕೂಲುಗಳು ಮಾತ್ರ. ಕುಡಿತದ ಬಗ್ಗೆ ಪಾಠ ಹೇಳುವ ವ್ಯವಸ್ಥೆ ಅಲ್ಲಿಲ್ಲ. ಹೊಟ್ಟೆಯಲ್ಲಿ ಎರಡು ಪೆಗ್ ಇದ್ದಾಗ ಬ್ರೇಕ್ ಮೇಲೆ ಕಾಲು ಬೀಳಲು ಎಷ್ಟು ತಡವಾಗುತ್ತದೆ, ರಾತ್ರಿ ಕುಡಿದದ್ದು ಬೆಳಿಗ್ಗೆಯೂ ರಕ್ತದಲ್ಲಿ ಉಳಿದಿರಬಹುದು, ಹಳದಿ ಬೋರ್ಡ್ ಗಾಡಿ ಓಡಿಸುವವನು ಎಷ್ಟು ಜೀವಗಳಿಗೆ ಹೊಣೆಗಾರ, ಇದನ್ನೆಲ್ಲ ಯಾರೂ ಅವನಿಗೆ ಹೇಳದಿದ್ದರೆ ಷರತ್ತು ಹಾಕಿ ಏನು ಫಲ? ಬೆಂಗಳೂರಿನಲ್ಲಿ ಬೆಳಗಿನ ತಪಾಸಣೆಯಲ್ಲಿ ಶಾಲಾ ವಾಹನಗಳ ಚಾಲಕರೇ ಕುಡಿದು ಸಿಕ್ಕಿಬಿದ್ದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಂಥವರನ್ನು ತಿದ್ದುವ ಪಾಠ ಕಾಯ್ದೆಯ ಪುಟದಲ್ಲಿ ಉಳಿದರೆ ಸಾಲದು.

ಈಗ ವಿಮೆಯ ಮಾತಿಗೆ ಬರುತ್ತೇನೆ. ಹೆಚ್ಚು ಮನೆಗಳು ಮುಳುಗಿದ್ದನ್ನು ನಾನು ನೋಡಿದ್ದು ಇಲ್ಲಿಯೇ.

ನಮ್ಮ ಚಾಲಕರಲ್ಲಿ ಒಂದು ನಂಬಿಕೆ ಬೇರೂರಿದೆ: "ಫುಲ್ ಇನ್ಶೂರೆನ್ಸ್ ಐತೆ, ಏನಾದ್ರೂ ಕಂಪನಿ ನೋಡ್ಕೊಳ್ಳುತ್ತೆ." ಕುಡಿದು ಓಡಿಸಿದವನ ಗಾಡಿ ಜಖಂ ಆದರೆ ಕಂಪನಿ ಹಣ ಕೊಡುವುದಿಲ್ಲ, ಪಾಲಿಸಿಯ ಷರತ್ತಿನಲ್ಲೇ ಅದು ಇದೆ. ಉಸಿರು ಊದಿಸಿದ, ರಕ್ತ ಪರೀಕ್ಷೆ ಮಾಡಿಸಿದ ವರದಿ ಇಲ್ಲದಿದ್ದರೂ ಬೇರೆ ಸಾಕ್ಷ್ಯಗಳಿಂದ ವಿಮಾ ಕಂಪನಿ ಕುಡಿತವನ್ನು ರುಜುವಾತು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ದೆಹಲಿಯ ಇಂಡಿಯಾ ಗೇಟ್ ಬಳಿ ನಜ್ಜುಗುಜ್ಜಾದ ಒಂದು ಪೋರ್ಷೆ ಕಾರಿನ ಪ್ರಕರಣದಲ್ಲಿ ಹೇಳಿದೆ. ಮಾಲೀಕನೇ ಚಾಲಕನಾಗಿದ್ದು ಸತ್ತರೆ ಮನೆಯವರಿಗೆ ಸಿಗಬೇಕಾದ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆಯೂ, ಅವನು ಕುಡಿದಿದ್ದರೆ ಸಿಗುವುದಿಲ್ಲ. ಗಂಡನ ಮಣ್ಣು ಮುಗಿಸಿ ಪಾಲಿಸಿ ಕಾಗದ ಹಿಡಿದು ಬಂದ ಹೆಣ್ಣುಮಗಳಿಗೆ ಈ ಷರತ್ತನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಾಲಿಸಿ ಮಾಡಿಸಿದ ದಿನವೇ ಅವಳ ಗಂಡನಿಗೆ ಕನ್ನಡದಲ್ಲಿ ಯಾರಾದರೂ ಅದನ್ನು ಓದಿ ಹೇಳಬೇಕಿತ್ತು.

ಮೂರನೆಯವರ ಪರಿಹಾರದ ಕಥೆ ಇನ್ನೂ ಕಠಿಣ. ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅನರ್ಹಗೊಂಡ ಚಾಲಕ ಓಡಿಸುತ್ತಿದ್ದ, ಅಥವಾ ಚಾಲಕ ಕುಡಿದಿದ್ದ ಎಂಬ ಕಾರಣ ಮುಂದಿಟ್ಟು ಹೊಣೆಯನ್ನು ಪ್ರಶ್ನಿಸಲು ಕಾಯ್ದೆ ವಿಮಾ ಕಂಪನಿಗೆ ಅವಕಾಶ ಕೊಟ್ಟಿದೆ. 2004ರ ಸ್ವರಣ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರ ಕಡೆ ನೋಡಿತು. ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವ ದಾರಿಯನ್ನು ಗಟ್ಟಿ ಮಾಡಿತು. ದೊಡ್ಡ ಉಪಕಾರವಾಯಿತು. ಹಾಗಿದ್ದರೂ ಡಿಎಲ್ ಅಮಾನತಾಗಿತ್ತು ಎಂಬ ತಕರಾರು ಎದ್ದ ಕೂಡಲೇ ವಾಯಿದೆಗಳು ಬೆಳೆಯುತ್ತವೆ, ಆರ್‌ಟಿಒದಿಂದ ದಾಖಲೆ ತರಿಸಬೇಕಾಗುತ್ತದೆ, ಮೇಲ್ಮನವಿಗಳು ಹುಟ್ಟುತ್ತವೆ. ಬೆಳಗಿನ ಜಾವ ಸೈಕಲ್ಲಿನಲ್ಲಿ ಡೇರಿಗೆ ಹಾಲು ಒಯ್ಯುತ್ತಿದ್ದವನೊಬ್ಬ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತ. ಆ ಗಾಡಿಯ ಚಾಲಕನ ಡಿಎಲ್ ಅಮಾನತಿನಲ್ಲಿತ್ತು. ಮಾಲೀಕನಿಗೆ ಅದು ತಿಳಿದಿರಲಿಲ್ಲ, ಚಾಲಕ ಹೇಳಿರಲಿಲ್ಲ. ಹಾಲಿನವನ ಹೆಂಡತಿ ಮಕ್ಕಳು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿದರು. ಕೊನೆಗೆ ವಸೂಲಿ ಮಾಲೀಕನ ಕಡೆ ತಿರುಗಿ ಅವನ ಮನೆಯೂ ಸಾಲಕ್ಕೆ ಬಿತ್ತು. ಅಮಾನತಾದ ಡಿಎಲ್ ಇಟ್ಟುಕೊಂಡು ಓಡಿಸಿದರೆ ಸೆಕ್ಷನ್ 182ರಂತೆ 3 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಇದೆ. ಆ ದಂಡ ಹಾಲಿನವನ ಮನೆಗೆ ಊಟ ಹಾಕುವುದಿಲ್ಲ. ಅಂದು ಆ ಚಾಲಕ ಗಾಡಿ ಹತ್ತದಂತೆ ತಡೆಯುವ ವ್ಯವಸ್ಥೆ ಬೇಕಿತ್ತು.

ನಮ್ಮ ವಿಮೆಗೆ ಇನ್ನೊಂದು ಕುರುಡು ಇದೆ. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದು ಗಾಡಿಯ ಮೇಲೆ: ಎಂಜಿನ್ ಎಷ್ಟು ಸಿಸಿ, ಎಷ್ಟು ಟನ್ ಹೊರುತ್ತದೆ ಎಂಬುದರ ಮೇಲೆ. ಓಡಿಸುವವನು ಎಂಥವನು ಎಂದು ಅದು ಕೇಳುವುದಿಲ್ಲ. ಇಪ್ಪತ್ತು ವರ್ಷ ಒಂದು ತೊಟ್ಟೂ ಮುಟ್ಟದೆ ಗಾಡಿ ಓಡಿಸಿದವನೂ ಕುಡಿದು ಸಿಕ್ಕಿಬಿದ್ದವನೂ ಅದೇ ದರ ಕಟ್ಟುತ್ತಾರೆ. ಸಂಚಾರ ನಿಯಮ ಮುರಿದವರಿಗೆ ಹೆಚ್ಚುವರಿ ಪ್ರೀಮಿಯಂ ಇರಬೇಕು, ಕುಡಿದು ಓಡಿಸಿದ್ದಕ್ಕೆ ಅತಿ ಹೆಚ್ಚು ಅಂಕ ಬೀಳಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ನೇಮಿಸಿದ್ದ ಕಾರ್ಯತಂಡ 2021ರಲ್ಲಿ ಶಿಫಾರಸು ಮಾಡಿತ್ತು. ಅದಕ್ಕೆ ಜೀವ ಬರಲಿ ಎಂದು ರಾಜ್ಯ ಸರ್ಕಾರವೂ ಒತ್ತಾಯಿಸಬೇಕು.

ಹೊರಗಿನ ಎರಡು ಉದಾಹರಣೆಗಳನ್ನು ತಮ್ಮ ಗಮನಕ್ಕೆ ತರುತ್ತೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಡಿಎಲ್ ಅಮಾನತಾದವನು, ಕೆಲಸಕ್ಕೆ ಅಥವಾ ಮನೆಯ ಅಗತ್ಯಕ್ಕೆ ಓಡಿಸಲೇಬೇಕು ಎಂದು ನ್ಯಾಯಾಲಯಕ್ಕೆ ತೋರಿಸಿಕೊಟ್ಟರೆ ನಿರ್ಬಂಧಿತ ಡಿಎಲ್ ಪಡೆಯಬಹುದು. ಯಾವ ದಿನ, ಯಾವ ಹೊತ್ತು, ಯಾವ ಕಾರಣಕ್ಕೆ, ಯಾವ ಪ್ರದೇಶದಲ್ಲಿ ಎಂದು ಆದೇಶದಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರುವಂತಿಲ್ಲ. ಉಸಿರು ಊದಿ ಪಾಸಾದರೆ ಮಾತ್ರ ಎಂಜಿನ್ ಚಾಲೂ ಆಗುವ ಇಂಟರ್‌ಲಾಕ್ ಯಂತ್ರವನ್ನು ಗಾಡಿಗೆ ಅಳವಡಿಸಲು ನ್ಯಾಯಾಲಯ ಹೇಳಬಹುದು. ಜೊತೆಗೆ ಎಸ್‌ಆರ್-22 ಎಂಬ ಪ್ರಮಾಣಪತ್ರ ಬೇಕು. ಇವನಿಗೆ ವಿಮೆ ಇದೆ ಎಂದು ವಿಮಾ ಕಂಪನಿಯೇ ಸರ್ಕಾರಕ್ಕೆ ತಿಳಿಸುವ ಕಾಗದ ಅದು. ಪಾಲಿಸಿ ನಿಂತುಹೋದರೆ ಕಂಪನಿ ಸರ್ಕಾರಕ್ಕೆ ಹೇಳುತ್ತದೆ, ಓಡಿಸುವ ಹಕ್ಕು ಅಲ್ಲಿಗೆ ನಿಲ್ಲುತ್ತದೆ. ಪ್ರೀಮಿಯಂ ಏರುತ್ತದೆ, ಆ ಭಾರವನ್ನು ತಪ್ಪು ಮಾಡಿದವನೇ ಹೊರುತ್ತಾನೆ. ಆದರೆ ಭಾರಿ ವಾಣಿಜ್ಯ ವಾಹನದವರಿಗೆ ಅಮೆರಿಕದಲ್ಲಿ ಈ ರಿಯಾಯಿತಿ ಇಲ್ಲ. ಸ್ವಂತ ಕಾರಿನಲ್ಲಿ ಕುಡಿದು ಸಿಕ್ಕರೂ ವಾಣಿಜ್ಯ ಡಿಎಲ್ ಕನಿಷ್ಠ ಒಂದು ವರ್ಷ ಹೋಗುತ್ತದೆ. ಇನ್ನು ಬ್ರಿಟನ್ನಿನಲ್ಲಿ, ನ್ಯಾಯಾಲಯ ಸೂಚಿಸಿದ ಕುಡಿತ-ಚಾಲನೆಯ ತರಬೇತಿಯನ್ನು ಪೂರೈಸಿದವನಿಗೆ ನಿಷೇಧದ ಅವಧಿಯಲ್ಲಿ ಕಾಲು ಭಾಗದವರೆಗೆ ಕಡಿತ ಸಿಗುತ್ತದೆ. ಎರಡೂ ಕಡೆ ಶಿಕ್ಷೆ ನಮಗಿಂತ ಸಡಿಲವಲ್ಲ. ಮರಳಿ ಬರಲು ಏನೇನು ಮಾಡಬೇಕು ಎಂಬುದು ಶಿಕ್ಷೆಯ ದಿನವೇ ಅವನ ಕೈಯಲ್ಲಿರುತ್ತದೆ, ಅಷ್ಟೇ.

ಕುಡಿದವನ ಗಾಡಿಗೆ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಇದನ್ನೆಲ್ಲ ಕೇಳಿ "ಅಂಥವರಿಗೆ ಜೀವಮಾನವಿಡೀ ಡಿಎಲ್ ಕೊಡಬಾರದು" ಎಂದರು. ಅವರ ಮಾತಿಗೆ ಎದುರು ಹೇಳುವ ನೈತಿಕ ಹಕ್ಕು ನನಗಿಲ್ಲ. ಜೀವ ತೆಗೆದವನಿಗೆ ಷರತ್ತಿನ ಡಿಎಲ್ ಕೊಡಿ ಎಂದು ನಾನು ಕೇಳುವುದೂ ಇಲ್ಲ. ನಾನು ಹೇಳುತ್ತಿರುವುದು ಮೊದಲ ಸಲ ಸಿಕ್ಕಿಬಿದ್ದ, ಯಾರಿಗೂ ಗಾಯ ಮಾಡದ, ಆದರೆ ನಾಳೆ ಮಾಡಬಹುದಾದ ಚಾಲಕನ ಬಗ್ಗೆ. ಅವನನ್ನು ಮೂರೋ ಆರೋ ತಿಂಗಳು ಮನೆಯಲ್ಲಿ ಕೂರಿಸಿದರೆ ಕುಡಿತ ತಾನಾಗಿ ಬಿಡುವುದಿಲ್ಲ. ಕಂತು ಕಟ್ಟಲಾಗದೆ, ಕೆಲಸವಿಲ್ಲದೆ ಕೂತವನ ಕುಡಿತ ಹೆಚ್ಚಿದ್ದನ್ನು ಅವರ ಹೆಂಡಂದಿರ ಬಾಯಲ್ಲೇ ಕೇಳಿದ್ದೇನೆ. ಆ ತಿಂಗಳುಗಳನ್ನು ಅವನನ್ನು ತಿದ್ದಲು ಬಳಸಿಕೊಂಡರೆ ಮಾತ್ರ ಇನ್ನೊಬ್ಬ ತಂದೆಯ ಮಗ ಉಳಿಯುತ್ತಾನೆ.

ತಿದ್ದುವ ಸಾಧನಗಳು ನಮ್ಮಲ್ಲಿಲ್ಲದೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿ ಪಟ್ಟಣಗಳಲ್ಲಿ ನಡೆಯುತ್ತವೆ. ಇವುಗಳಿಗೂ ಆರ್‌ಟಿಒಗೂ ನಡುವೆ ಒಂದು ಕಾಗದದ ಸಂಬಂಧವೂ ಇಲ್ಲ. ದುಡ್ಡಿಲ್ಲ ಎಂದೂ ಹೇಳಲಾಗದು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಮದ್ಯದ ಆದಾಯ ರಾಜ್ಯದ ಬೊಕ್ಕಸಕ್ಕೆ ಬರುವುದಾದರೆ, ಮದ್ಯ ಕುಡಿದು ಗಾಡಿ ಹತ್ತಿದವನನ್ನು ತಿದ್ದುವ ಖರ್ಚೂ ರಾಜ್ಯದ್ದೇ ಆಗಬೇಕು.

ಆದ್ದರಿಂದ ತಮ್ಮ ಮುಂದೆ ಇಡುವ ಬೇಡಿಕೆಗಳು ಇವು:

1. ಡಿಎಲ್ ವಶಕ್ಕೆ ಪಡೆದ 15 ದಿನಗಳೊಳಗೆ ಆರ್‌ಟಿಒ ಅಹವಾಲು ಕೇಳಿ ಆದೇಶ ಹೊರಡಿಸಬೇಕೆಂದು ಸಾರಿಗೆ ಆಯುಕ್ತರು ಸುತ್ತೋಲೆ ಹೊರಡಿಸಲಿ. ಅಮಾನತಿನ ಅವಧಿಯನ್ನು ಡಿಎಲ್ ಕಿತ್ತುಕೊಂಡ ದಿನದಿಂದಲೇ ಎಣಿಸಲಿ. ಆದೇಶದಲ್ಲಿ ಮುಕ್ತಾಯದ ತಾರೀಖು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಲಿ.

2. ಸ್ವೀಕೃತಿ ಚೀಟಿಯ ಮೇಲೆಯೇ "ಈ ಚೀಟಿಯಿಂದ ವಾಹನ ಓಡಿಸುವಂತಿಲ್ಲ, ಓಡಿಸಿದರೆ ವಿಮೆ ನಿಮ್ಮ ಕೈಬಿಡಬಹುದು" ಎಂದು ಅಚ್ಚು ಹಾಕಿಸಲಿ.

3. ನ್ಯಾಯಾಲಯದ ಅನರ್ಹತೆಯ ಆದೇಶ ಮತ್ತು ಆರ್‌ಟಿಒ ಅಮಾನತು ಎರಡೂ ಡಿಎಲ್ ವಿವರಗಳನ್ನು ಇಡುವ 'ಸಾರಥಿ' ತಂತ್ರಾಂಶದ ಒಂದೇ ದಾಖಲೆಯಲ್ಲಿ ಕಾಣುವಂತಾಗಲಿ. ಕೆಲಸಕ್ಕೆ ಇಟ್ಟುಕೊಂಡ ಚಾಲಕನ ಡಿಎಲ್ ಅಮಾನತಾದ ಕೂಡಲೇ ವಾಹನ ಮಾಲೀಕನ ಮೊಬೈಲಿಗೆ ಸಂದೇಶ ಹೋಗಲಿ. ಚಾಲಕ ಮುಚ್ಚಿಟ್ಟರೂ ಮಾಲೀಕನಿಗೆ ಗೊತ್ತಾಗಬೇಕು.

4. ಪ್ರತಿ ಜಿಲ್ಲೆಯಲ್ಲೂ ಪುನಶ್ಚೇತನ ತರಬೇತಿಗೆ ಕನಿಷ್ಠ ಒಂದು ಕೇಂದ್ರವನ್ನು ಹೆಸರಿಸಿ, ದಿನಾಂಕ ಮತ್ತು ಶುಲ್ಕವನ್ನು ಆರ್‌ಟಿಒ ಫಲಕದಲ್ಲಿ ಹಾಕಲಿ. ಕುಡಿದು ಸಿಕ್ಕವರಿಗೆ ವ್ಯಸನ ತಪಾಸಣೆ ಆ ತರಬೇತಿಯ ಕಡ್ಡಾಯ ಭಾಗವಾಗಲಿ. ಅಬಕಾರಿ ಆದಾಯದ ಒಂದು ಪಾಲನ್ನು ಇದಕ್ಕೆ ಮೀಸಲಿಡಲಿ.

5. ಮೋಟಾರು ವಾಹನ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಈಗಿನ ಸೆಕ್ಷನ್ 19ರಲ್ಲೂ "ಎಲ್ಲ ಅಥವಾ ಯಾವುದೇ ವರ್ಗದ" ವಾಹನಕ್ಕೆ ಅನರ್ಹಗೊಳಿಸುವ ಅಧಿಕಾರವಿದೆ. ಇದರ ಆಧಾರದ ಮೇಲೆ ಷರತ್ತಿನ ಡಿಎಲ್ ನಿಯಮ ತರುವಂತೆ ರಾಜ್ಯವು ಕೇಂದ್ರಕ್ಕೆ ಪ್ರಸ್ತಾವ ಕಳಿಸಲಿ. ಮೊದಲ ಅಪರಾಧ, ಅಪಘಾತವಿಲ್ಲದ ಪ್ರಕರಣ, ತರಬೇತಿ ಪೂರೈಸಿದ ಪತ್ರ, ಹಗಲು ಹೊತ್ತು, ಇಂಟರ್‌ಲಾಕ್ ಯಂತ್ರ, ಇವಿಷ್ಟೂ ಷರತ್ತಾಗಲಿ. ದ್ವಿಚಕ್ರ ವಾಹನ ಮತ್ತು ಸ್ವಂತ ಸಣ್ಣ ಗೂಡ್ಸ್ ಗಾಡಿಗೆ ಮಾತ್ರ ಇದು ಇರಲಿ. ಬಸ್ಸು, ಲಾರಿ, ಟ್ಯಾಕ್ಸಿ, ಆಟೊ, ಶಾಲಾ ವಾಹನಗಳಿಗೆ ಖಂಡಿತ ಬೇಡ. ಷರತ್ತು ಮುರಿದವನ ಡಿಎಲ್ ಪೂರ್ತಿ ರದ್ದಾಗಲಿ.

6. ಕುಡಿತ ಮತ್ತು ಅಮಾನತಿನಿಂದ ಯಾವ ಯಾವ ರಕ್ಷಣೆ ಕಳೆದುಹೋಗುತ್ತದೆ ಎಂಬುದು ಪ್ರತಿ ಮೋಟಾರು ಪಾಲಿಸಿಯ ಮೊದಲ ಪುಟದಲ್ಲಿ ಕನ್ನಡದಲ್ಲಿ ಇರಬೇಕೆಂದು ವಿಮಾ ಪ್ರಾಧಿಕಾರಕ್ಕೆ ರಾಜ್ಯ ಸರ್ಕಾರ ಪತ್ರ ಬರೆಯಲಿ.

ಮಾನ್ಯರೇ, ಮೊದಲ ನಾಲ್ಕು ಬೇಡಿಕೆಗಳಿಗೆ ಹೊಸ ಕಾಯ್ದೆ ಬೇಕಿಲ್ಲ. ಸುತ್ತೋಲೆ, ಬಜೆಟ್ ಹಂಚಿಕೆ, ಇಲಾಖೆಗಳ ನಡುವಿನ ಮಾತುಕತೆ ಸಾಕು. ತಮ್ಮ ಇಲಾಖೆ ಈ ನಾಲ್ಕರ ಬಗ್ಗೆ ಏನು ಮಾಡುತ್ತದೆ, ಎಂದಿನೊಳಗೆ ಮಾಡುತ್ತದೆ ಎಂಬುದನ್ನು ಇದೇ ಪತ್ರಿಕೆಯ ಮೂಲಕ ರಾಜ್ಯದ ಜನರಿಗೆ ತಿಳಿಸಬೇಕೆಂದು ಕೋರುತ್ತೇನೆ. ಅಪರಾಧ ಮಾಡಿದವನಿಗೆ ತನ್ನ ಶಿಕ್ಷೆ ಎಷ್ಟು ಎಂದು ಗೊತ್ತಿರಬೇಕು. ರಸ್ತೆಯಲ್ಲಿ ನಡೆಯುವವನಿಗೆ ತನ್ನ ರಕ್ಷಣೆ ಎಷ್ಟು ಎಂದು ಗೊತ್ತಿರಬೇಕು. ಇವತ್ತು ಇಬ್ಬರಿಗೂ ಗೊತ್ತಿಲ್ಲ. ಅದನ್ನು ಸರಿಪಡಿಸುವ ಅಧಿಕಾರ ತಮ್ಮ ಕೈಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ಅರ್ಜಿ ಬರಹಗಾರ